ಶೇಂಗಾಪುಡಿ ಮುದ್ದೆಯಾದ ದಿನ

ನಲ್ಲಿಯಲ್ಲಿ ನೀರು ಬರುವ ಮುಂಚೆ ಪೈಪಿನೊಳಗಿಂದ ಬುಸ್ಸೆಂದು ಗಾಳಿ ಹೊರಡುತ್ತದೆ. ಶಿಕಾರಿಪುರದ ನಮ್ಮ ಓಣಿಯ ಹೆಂಗಸರಿಗೆಲ್ಲ ಅದೇ ಅಲಾರಾಂ. ಆ ಬೆಳಿಗ್ಗೆಯೂ ಅದಕ್ಕೇ ಎದ್ದೆ. ಮೊದಲ ಕೊಡದ ನೀರು ಸ್ವಲ್ಪ ಕೆಂಪಗಿರುತ್ತದೆ, ಅದನ್ನು ಕಣಗಿಲೆ ಗಿಡಕ್ಕೆ ಹೊಯ್ದೆ. ಆಮೇಲೆ ಹಂಡೆ, ಆಮೇಲೆ ಕುಡಿಯುವ ನೀರಿನ ಬಿಂದಿಗೆ. ಅಂಗಳ ಗುಡಿಸಿ ನೀರು ಚಿಮುಕಿಸಿ ರಂಗೋಲಿ ಡಬ್ಬಿಗೆ ಕೈ ಹಾಕಿದರೆ ಸಿಟ್ಟು ಬಂತು. ಸಂತೆಯಲ್ಲಿ ಹೊಸದಾಗಿ ತಂದ ಪುಡಿ ಮೈದಾಹಿಟ್ಟಿನಷ್ಟು ನುಣ್ಣಗಿತ್ತು. ಮಾರುವವಳು ಅದನ್ನೇ ದೊಡ್ಡ ಗುಣವೆಂಬಂತೆ ಹೊಗಳಿ ಕೊಟ್ಟಿದ್ದಳು. ಬೆರಳ ಸಂದಿಯಿಂದ ಎಳೆಯಾಗಿ ಇಳಿಯುವ ಬದಲು ಅದು ಗಂಟುಗಂಟಾಗಿ ಬಿತ್ತು. ಉಳಿದದ್ದು ಗಾಳಿಗೆ ಹಾರಿ ಎದುರುಮನೆಯವರ ಸ್ಕೂಟರಿನ ಸೀಟಿನ ಮೇಲೆ ಕೂತಿತು. ಕಮಲ ಬರೆಯಹೊರಟವಳು ಒಂದೆರಡು ಗೆರೆಗೇ ಮುಗಿಸಿ, ಎದುರುಮನೆಯವರು ಏಳುವ ಮುಂಚೆ ಒಳಗೆ ಬಂದೆ.

ಅಡುಗೆಮನೆಯ ಹೊಸ್ತಿಲ ಮೇಲೆ ನಾದಿನಿಯ ಮಗಳು ಕೂತಿದ್ದಳು. ಹಿಂದಿನ ಸಂಜೆ ಯೂನಿವರ್ಸಿಟಿಯಿಂದ ಹೊರಟವಳು ಸೊರಬದಲ್ಲಿರುವ ತನ್ನ ಮನೆಗೆ ಹೋಗದೆ ನೇರ ನಮ್ಮಲ್ಲಿಗೇ ಬಂದಿಳಿದಿದ್ದಳು. ತಾಯಿಗೆ ಹೇಳಿರಲಿಲ್ಲ. ಹೊಸ್ತಿಲ ಮೇಲೆ ಕೂರಬಾರದು ಎನ್ನಲು ಬಾಯಿ ತೆರೆದವಳು ಅವಳ ಕೈ ನೋಡಿ ಸುಮ್ಮನಾದೆ. ಚಿಕ್ಕಂದಿನಿಂದಲೂ ಅವಳಿಗೆ ಭಯವಾದರೆ ಹೆಬ್ಬೆರಳು ಮುಷ್ಟಿಯೊಳಗೆ ಅಡಗಿಬಿಡುತ್ತದೆ. ಈಗಲೂ ಅಡಗಿತ್ತು.

ನಾನು ಕೇಳಲಿಲ್ಲ. ಎಸರು ಕುದಿಯಲು ಇಟ್ಟು, ಜೋಳದ ಹಿಟ್ಟು ನಾದಿ, ಮೊದಲ ರೊಟ್ಟಿ ತಟ್ಟಿ ಹಂಚಿಗೆ ಹಾಕಿದೆ. ಎದುರಿಗಿದ್ದವರ ಕೈಗೆ ಕೆಲಸವಿದ್ದು ಕಣ್ಣು ಬೇರೆ ಕಡೆ ಇದ್ದರೆ ಮನುಷ್ಯರು ತಾವಾಗಿಯೇ ಮಾತಾಡುತ್ತಾರೆ. ಇದು ನನ್ನ ಹಳೆಯ ಉಪಾಯ. ಎರಡನೆಯ ರೊಟ್ಟಿ ಉಬ್ಬುವಷ್ಟರಲ್ಲಿ ಅವಳು ಶುರು ಮಾಡಿದಳು.

ಅವಳ ಪಿಎಚ್‌ಡಿ ಒಂದು ಬಿಳಿ ಪುಡಿಯ ಮೇಲೆ. ಅದರ ಹೆಸರು ಬೇರಿಯಂ ಟೈಟನೇಟ್. ಪೆರೋವ್‌ಸ್ಕೈಟ್ ಎಂಬ ಜಾತಿಯ ಆಕ್ಸೈಡುಗಳಲ್ಲಿ ಅದೂ ಒಂದು. ಜಾತಿ ಎಂದರೆ, ಒಳಗೆ ಪರಮಾಣುಗಳು ಕಟ್ಟಿಕೊಂಡ ಮನೆಯ ನಕ್ಷೆ ಎಲ್ಲದರಲ್ಲೂ ಒಂದೇ ತೆರನಾಗಿರುತ್ತದಂತೆ. ನಮ್ಮ ಮೊಬೈಲಿನೊಳಗೆ ಕರೆಂಟನ್ನು ಚೂರು ಹೊತ್ತು ಹಿಡಿದಿಟ್ಟು ಬಿಡುವ, ಸಾಸಿವೆಗಿಂತ ಚಿಕ್ಕ ತುಣುಕುಗಳು ರಾಶಿ ಇರುತ್ತವೆ. ಅವುಗಳ ಹೊಟ್ಟೆಯಲ್ಲಿರುವುದು ಈ ಪುಡಿಯೇ. ಕಾಳು ಸಣ್ಣದಾಗುತ್ತಾ ಹೋದರೆ ಈ ಹಿಡಿದಿಡುವ ಗುಣ ಏನಾಗುತ್ತದೆ ಎಂದು ನೋಡುವುದು ಅವಳ ಕೆಲಸ. ಕೂದಲೆಳೆಯನ್ನು ಉದ್ದಕ್ಕೆ ಸಾವಿರ ಸೀಳು ಮಾಡಿದರೆ ಒಂದು ಸೀಳು ಎಷ್ಟು ದಪ್ಪವಿರುತ್ತದೋ ಅಷ್ಟು ಸಣ್ಣ ಕಾಳಿನವರೆಗೂ ಅವಳು ಇಳಿದಿದ್ದಳು. ಲ್ಯಾಪ್‌ಟಾಪು ತಂದು ಗ್ರಾಫ್ ತೋರಿಸಿದಳು. ಕಾಳು ಸಣ್ಣದಾದಂತೆ ಗುಣ ಮೊದಲು ಏರಿ, ಆಮೇಲೆ ದಡಕ್ಕನೆ ಇಳಿದಿತ್ತು. ಎತ್ತಿನ ಹಿಣಿಲಿನಂತೆ ಕಾಣುತ್ತದೆ ಎಂದೆ. ಅವಳು ನಗಲಿಲ್ಲ.

ಹಿಂದಿನ ತಿಂಗಳು ಎಲ್ಲ ಪ್ರೊಫೆಸರುಗಳ ಮುಂದೆ ಇದನ್ನು ಹೇಳುವಾಗ, ಹೊರಗಿನಿಂದ ಬಂದ ಹಿರಿಯರೊಬ್ಬರು ಕನ್ನಡಕದ ಮೇಲಿಂದ ನೋಡಿ, ಇಳಿದದ್ದು ಯಾಕಮ್ಮ, ಸಮೀಕರಣ ಬೇಡ, ಮಾತಿನಲ್ಲಿ ಹೇಳು ಎಂದರಂತೆ. ಇವಳಿಗೆ ಬಾಯಿ ಕಟ್ಟಿಹೋಯಿತು. ಉತ್ತರ ಗೊತ್ತು, ಥೀಸಿಸ್ಸಿನ ಒಂದು ಅಧ್ಯಾಯದ ತುಂಬ ಬರೆದಿದ್ದಾಳೆ, ಆದರೆ ಬಾಯಿಂದ ಬರಲಿಲ್ಲ. ಗೈಡು ಒಳ್ಳೆಯವರು. ಮುಂದಿನ ವಾರಕ್ಕೆ ಇನ್ನೊಂದು ದಿನ ಗೊತ್ತು ಮಾಡಿ, ಬರುತ್ತೀಯೋ ಮುಂದಕ್ಕೆ ಹಾಕಲೋ, ಇವತ್ತು ಸಂಜೆಯೊಳಗೆ ತಿಳಿಸು ಎಂದಿದ್ದರು. ಮೊಬೈಲಿನಲ್ಲಿ ಇವಳು ಟೈಪು ಮಾಡಿಟ್ಟ ಮೆಸೇಜು ತೋರಿಸಿದಳು. ಅನಿವಾರ್ಯ ಕಾರಣಗಳಿಂದ ಮುಂದೂಡಬೇಕೆಂದು ಬಹಳ ವಿನಯದ ಇಂಗ್ಲಿಷಿನಲ್ಲಿ ಬರೆದಿತ್ತು. ಕಳಿಸಿರಲಿಲ್ಲ, ಅಷ್ಟೇ.

"ಮುಂದಕ್ಕೆ ಹಾಕಿದ್ರೆ ನಾನು ಮತ್ತೆ ಹೋಗಲ್ಲ ಅತ್ತೆ. ನನಗೆ ನನ್ನ ಬುದ್ಧಿ ಗೊತ್ತು," ಎಂದಳು.

ತಾಯಿ ಏನನ್ನುತ್ತಾಳೆ ಎಂದು ಕೇಳಿದೆ. ಆಗ ಬಂತು ನೋಡಿ ನಿಜವಾದ ನೋವು. ಗುಣ ಇಳಿಯಿತು ಎಂದು ಮಗಳು ಫೋನಿನಲ್ಲಿ ಹೇಳಿದ್ದೇ ತಡ, ನಾದಿನಿ ತೀರ್ಪು ಕೊಟ್ಟುಬಿಟ್ಟಿದ್ದಳು: ನೀನು ಸರಿಯಾಗಿ ಅರೆದಿಲ್ಲ. ಅಲ್ಲಿಗೇ ನಿಲ್ಲದೆ ಸೊರಬದ ತನ್ನ ಬೀದಿಗೆಲ್ಲ ಅದನ್ನು ಹಂಚಿಯೂ ಆಗಿತ್ತು. ಪಾಪ ಹುಡುಗಿ, ಜಾರಿನೊಳಗೆ ಗುಂಡು ಹಾಕಿ ಹಗಲೂ ರಾತ್ರಿ ತಿರುಗಿಸುವ ಯಂತ್ರದಲ್ಲಿ ಅದನ್ನು ಅರೆದೂ ಅರೆದೂ ಸಾಕಾಗಿದ್ದವಳು.

"ನಾನು ಅರೆದದ್ದು ಕಮ್ಮಿ ಅಲ್ಲ ಅತ್ತೆ, ಜಾಸ್ತಿ. ಅದನ್ನ ಅಮ್ಮನಿಗೇ ಹೇಳಕ್ಕಾಗಲ್ಲ, ಇನ್ನು ಆ ಪ್ರೊಫೆಸರಿಗೆ ಏನು ಹೇಳಲಿ?"

ನಾದಿನಿಯ ಬಗ್ಗೆ ಎರಡು ಮಾತು ಹೇಳಬೇಕು. ಅವಳು ಕೆಟ್ಟವಳಲ್ಲ, ನುಣುಪಿನ ಭಕ್ತೆ. ಅವಳ ಅಡುಗೆಮನೆಯ ಗೋಡೆಗೆ ಜರಡಿಗಳು ಹಿರಿಯರ ಫೋಟೊಗಳ ಹಾಗೆ ಸಾಲಾಗಿ ತೂಗುತ್ತವೆ. ಕೊನೆಯ ಜರಡಿಯಲ್ಲಿ ಇಳಿದದ್ದನ್ನು ತೆಳು ಪಂಚೆಯ ತುಂಡಿನಲ್ಲಿ ಮತ್ತೆ ಸೋಸುತ್ತಾಳೆ. ಅವಳ ಮನೆಯ ಸಾರಿನಪುಡಿ ಮುಖಕ್ಕೆ ಹಚ್ಚುವ ಪೌಡರಿನಂತೆ ಇರುತ್ತದೆ. ಹೆಣ್ಣಿನ ಸಂಸಾರ ಹೇಗಿದೆ ಎಂದು ತಿಳಿಯಬೇಕಾದರೆ ಅವಳ ಪುಡಿಯನ್ನು ಬೆರಳಲ್ಲಿ ತಿಕ್ಕಿ ನೋಡಬೇಕು ಎನ್ನುವುದು ಅವಳ ಸಿದ್ಧಾಂತ. ನಮ್ಮ ಮನೆಗೆ ಬಂದಾಗಲೆಲ್ಲ ತಿಕ್ಕಿ ನೋಡುತ್ತಾಳೆ, ಏನೂ ಅನ್ನುವುದಿಲ್ಲ, ಬೆರಳನ್ನು ಸೆರಗಿಗೆ ಒರೆಸಿಕೊಳ್ಳುತ್ತಾಳೆ. ಅಂದಿದ್ದರೆ ಎಷ್ಟೋ ವಾಸಿ ಇತ್ತು.

ಆದರೆ ಅವಳು ಎಂದೂ ತಾನೇ ಮಾಡದ ಪುಡಿ ಒಂದಿದೆ. ಶೇಂಗಾಪುಡಿ. ಸೊರಬದವರದು ಅಕ್ಕಿರೊಟ್ಟಿ, ಕಾಯಿಚಟ್ನಿ. ಶೇಂಗಾಪುಡಿ ತವರಿನ ತಿನಿಸು. ಹುಡುಗಿಯಾಗಿದ್ದಾಗ ಅವಳ ತಾಯಿ ಒರಳಲ್ಲಿ ಕುಟ್ಟಿ ಕೊಡುತ್ತಿದ್ದರು, ಮದುವೆಯಾದ ಮೇಲೆ ನಾನು ಡಬ್ಬಿ ತುಂಬಿ ಕಳಿಸುತ್ತೇನೆ. ತರಿತರಿ ಎಂದು ದೂರುತ್ತಲೇ ಖಾಲಿ ಮಾಡುತ್ತಾಳೆ.

ನನಗೆ ಆಗಲೇ ತುಟಿಯ ಮೂಲೆಯಲ್ಲಿ ನಗು ಬಂದಿರಬೇಕು.

ಶಿವಮೊಗ್ಗೆಯ ಕಾನ್ವೆಂಟಿನಲ್ಲಿ ಸಿಸ್ಟರುಗಳು ನನಗೆ ಕರವಸ್ತ್ರದ ಅಂಚು ಹೊಲಿಯುವುದನ್ನೂ ಮೆತ್ತಗೆ ಮಾತಾಡುವುದನ್ನೂ ಕಲಿಸಿದರು. ಕರವಸ್ತ್ರ ಎಲ್ಲಿಯೂ ಉಪಯೋಗಕ್ಕೆ ಬರಲಿಲ್ಲ. ಮೆತ್ತನೆಯ ದನಿ ಮಾತ್ರ ಈ ಮನೆಗೆ ಬಂದಾಗಿನಿಂದ ಕೈಬಿಟ್ಟಿಲ್ಲ. ಮೆತ್ತಗೆ ಮಾತಾಡುವವಳು ಹುನ್ನಾರ ಹೂಡುತ್ತಾಳೆಂದು ಯಾರೂ ಅಂದುಕೊಳ್ಳುವುದಿಲ್ಲ.

ಶೇಂಗಾ ಹುರಿದು, ಸಿಪ್ಪೆ ತಿಕ್ಕಿ, ಮೊರದಲ್ಲಿ ಕೇರಿ, ಇಡೀ ಕಾಳನ್ನೇ ಡಬ್ಬಿಗೆ ತುಂಬಿದೆ. ಬೆಳ್ಳುಳ್ಳಿ, ಖಾರದಪುಡಿ, ಜೀರಿಗೆ ಬೇರೆ ಬೇರೆ ಪೊಟ್ಟಣದಲ್ಲಿ. ಅಂಗಡಿಗೆ ಹೊರಟಿದ್ದ ನಮ್ಮವರು ನಿಂತು ನೋಡಿದರು. ಪುಡಿ ಮಾಡದೆ ಒಯ್ಯುತ್ತೀಯಲ್ಲ, ಮಿಕ್ಸಿ ಕೆಟ್ಟಿದೆಯಾ ಎಂದು ಕೇಳಿದರು. ಇಲ್ಲ, ನಿಮ್ಮ ತಂಗಿಯ ಹೊಸ ಮಿಕ್ಸಿ ನೋಡಬೇಕು ಎಂದೆ. ಅವರು ತಂಗಿಯ ಮಗಳ ಮುಖ ನೋಡಿ, ನನ್ನ ಮುಖ ನೋಡಿ, "ಏನರ ನಡಸ್ರಿ, ನನ್ನ ಹೆಸರು ಮಾತ್ರ ತರಬ್ಯಾಡ್ರಿ," ಎಂದು ಚಪ್ಪಲಿ ಮೆಟ್ಟಿ ಹೋದರು.

ಬಸ್ಸು ತುಂಬಿತ್ತು. ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ದುಡ್ಡಿಲ್ಲದ ಟಿಕೆಟ್ಟು ಬಂದ ಮೇಲೆ ಯಾವ ಬಸ್ಸು ತುಂಬಿಲ್ಲ? ಆಧಾರ್ ಕಾರ್ಡನ್ನು ಕಂಡಕ್ಟರನ ಮೂಗಿನವರೆಗೆ ಹಿಡಿದು, ಡಬ್ಬಿಯನ್ನು ಎದೆಗವಚಿಕೊಂಡು ನಡುವೆ ನಿಂತೆವು. ಶಿರಾಳಕೊಪ್ಪದಲ್ಲಿ ಉಡುತಡಿ ಕಡೆಯ ಹೆಂಗಸರ ಒಂದು ತಂಡ ಹತ್ತಿತು. ಇನ್ನು ಸಾಸಿವೆಗೂ ಜಾಗವಿರಲಿಲ್ಲ. ತಿರುವು ಬಂದಾಗ ಇಡೀ ಬಸ್ಸು ಒಂದೇ ಮೈಯಾಗಿ ಎಡಕ್ಕೆ ವಾಲುತ್ತಿತ್ತು, ಮತ್ತೆ ಬಲಕ್ಕೆ. ನಾನು ವಾಲಬೇಕೆಂದು ವಾಲಿದ್ದಲ್ಲ, ಪಕ್ಕದವಳು ವಾಲಿದಳು, ಅವಳ ಬುತ್ತಿಗಂಟು ನನ್ನ ಪಕ್ಕೆಗೆ ಒತ್ತಿತು, ನಾನು ನನ್ನ ಹಿಂದಿನವಳ ಮೇಲೆ ಬಿದ್ದೆ. ಬಾಗಿಲ ಬಳಿ ಕಂಬಿ ಹಿಡಿದು ನಿಂತಿದ್ದ ಇಬ್ಬರು ಮಾತ್ರ ಅಲುಗದೆ, ನಮ್ಮನ್ನು ನೋಡಿ ನಗುತ್ತಿದ್ದರು. ನಾದಿನಿಯ ಮಗಳೂ ಅವರನ್ನೇ ನೋಡುತ್ತಿದ್ದಳು. ಅವರ ಮೇಲೆ ಹೊಟ್ಟೆಕಿಚ್ಚಿನಿಂದ ಇರಬೇಕು ಎಂದುಕೊಂಡೆ.

ಸೊರಬದಲ್ಲಿ ನಾದಿನಿ ಮಗಳನ್ನು ಕಂಡು ಸಂತೋಷ, ಆಶ್ಚರ್ಯ, ಬೈಗುಳ ಮೂರನ್ನೂ ಒಂದೇ ಉಸಿರಿಗೆ ಮುಗಿಸಿದಳು. ಅಲ್ಲಿಗೆ ಮದುವೆಯಾಗಿ ಹೋದ ಮೇಲೆ ಅವಳ ಮಾತಿಗೆ 'ಎಂತ' ಸೇರಿಕೊಂಡಿದೆ. ಜಗಳಕ್ಕೆ ನಿಂತರೆ ಮಾತ್ರ ಶಿಕಾರಿಪುರದ ಮಾತು ವಾಪಸು ಬರುತ್ತದೆ. ಆ ಹೊತ್ತಿಗೆ ಪಕ್ಕದ ಮನೆಯಾಕೆ ಮೊಸರಿನ ಪಾತ್ರೆ ಕೊಡಲು ಬಂದವರು ಗೋಡೆಗೆ ಒರಗಿ ಕೂತರು. ವಯಸ್ಸಾದ ಹೆಂಗಸು, ಎರಡು ಹಸು, ಬೇಕಾದಷ್ಟು ಪುರುಸೊತ್ತು. ಹುಡುಗಿಯನ್ನು ನೋಡಿದವರೇ, "ಎಂತ ತಂಗಿ, ಅರೆಯೋದು ಮುಗೀತಾ?" ಎಂದರು. ಹೆಬ್ಬೆರಳು ಮತ್ತೆ ಮುಷ್ಟಿಯೊಳಗೆ ಹೋಯಿತು.

ನಾನು ಡಬ್ಬಿ ಬಿಚ್ಚಿದೆ. ನಾದಿನಿ ಇಣುಕಿ ನೋಡಿ, "ಇದೆಂತ ಅತ್ಗೆ, ಪುಡಿನೇ ಮಾಡಿಲ್ಲ?" ಎಂದಳು.

"ಮಾಡಿದ್ರೆ ತರಿತರಿ ಅಂತೀಯ. ನಿನ್ನ ಕೈಯಲ್ಲೇ ಆಗ್ಲಿ ಅಂತ ತಂದೆ," ಎಂದೆ, ಸಿಸ್ಟರುಗಳು ಮೆಚ್ಚುವಷ್ಟು ಮೆತ್ತಗೆ. "ಆದ್ರೂ ಶೇಂಗಾ ನಿನ್ನ ಸಾರಿನಪುಡಿಯಷ್ಟು ನುಣ್ಣಗೆ ಆಗಲ್ಲ ಬಿಡು. ಯಾರಿಗೂ ಆಗಿಲ್ಲ."

"ಯಾರಿಗೂ ಅಂದ್ರೆ ನಿಮ್ಮ ಓಣಿಯೋರಿಗೆ."

"ಹೂಂ, ನಮ್ಮ ಓಣಿಯೋರಿಗೆ."

ಅಷ್ಟು ಸಾಕಾಯಿತು. ಹೊಸ ಮಿಕ್ಸಿ ಹೊರಗೆ ಬಂತು. ಅದಕ್ಕೆ ಹೊದಿಸಿದ ಕಸೂತಿ ಮುಸುಕನ್ನು ಅವಳು ದೇವರ ಮುಂದಿನ ಪರದೆ ಸರಿಸುವಂತೆ ತೆಗೆದಳು. ಪಕ್ಕದ ಮನೆಯಾಕೆ ನನ್ನನ್ನು ನೋಡಿದರು. ನಾನು ಅವರನ್ನು ನೋಡಿದೆ. ಅವರಿಗೆ ಎಲ್ಲ ಗೊತ್ತಿತ್ತು; ಮುಂದೇನಾಗುತ್ತದೆ ಎಂಬುದೂ. ಬಾಯಿಗೆ ಎಲೆಅಡಿಕೆ ಹಾಕಿಕೊಂಡು, ಹೇಳಲು ಬಾಯಿ ಖಾಲಿ ಇಲ್ಲ ಎಂಬಂತೆ ಕೂತುಬಿಟ್ಟರು. ಅಂಥ ಹೆಂಗಸರನ್ನು ನಾನು ಮೊದಲ ನೋಟಕ್ಕೇ ಮೆಚ್ಚುತ್ತೇನೆ.

ಮೊದಲ ಸುತ್ತಿಗೆ ಕಾಳು ಒಡೆದು ರವೆಯಾಯಿತು. ಎರಡನೆಯದಕ್ಕೆ ಒಳ್ಳೆಯ ಉದುರುಪುಡಿ; ನಮ್ಮ ಮನೆಯಲ್ಲಾಗಿದ್ದರೆ ಅಲ್ಲಿಗೆ ಮುಗಿಯಿತು, ಬೆಳ್ಳುಳ್ಳಿ ಹಾಕುವುದು. ನಾದಿನಿ ಚಿಟಿಕೆ ತೆಗೆದು ಬೆರಳಲ್ಲಿ ತಿಕ್ಕಿದಳು. ತರಿ ಸಿಕ್ಕಿತು. ಮತ್ತೆ ತಿರುಗಿಸಿದಳು. ಇನ್ನೂ ಚೂರು ನುಣ್ಣಗಾಯಿತು, ಆದರೆ ಜಾರಿನ ಗೋಡೆಗೆ ಅಂಟಲು ಹತ್ತಿತು. ಚಮಚದಿಂದ ಕೆರೆದು, ಮುಚ್ಚಳ ಒತ್ತಿ ಹಿಡಿದು, ಇನ್ನೊಂದು ಸುತ್ತು ಎಂದಳು. ಮಿಕ್ಸಿಯ ಸ್ವರ ಬದಲಾಯಿತು. ಗರಗರ ಹೋಗಿ ಗುರ್ರ್ ಎಂದಿತು. ಮುಚ್ಚಳ ತೆಗೆದರೆ ಒಳಗೆ ಪುಡಿಯೇ ಇಲ್ಲ. ಎಣ್ಣೆ ಹೊಳೆಯುವ ಒಂದು ಮುದ್ದೆ, ಬ್ಲೇಡನ್ನು ಅಪ್ಪಿಕೊಂಡು ಕೂತಿತ್ತು.

ನಾದಿನಿ ಮೊದಲು ಜಾರನ್ನು ಬೈದಳು, ಒಳಗೆ ನೀರಿನ ಪಸೆ ಇತ್ತು ಎಂದಳು. ಆಮೇಲೆ ವೋಲ್ಟೇಜು. ಆಮೇಲೆ ನಾನು ತಂದ ಶೇಂಗಾ. ಅದನ್ನು ಜರಡಿಗೆ ಸುರಿದೂ ನೋಡಿದಳು. ಮುದ್ದೆ ಜರಡಿಯ ಮೇಲೆ ಎಮ್ಮೆ ಮಲಗಿದ ಹಾಗೆ ಮಲಗಿತು, ಒಂದು ಕಣವೂ ಇಳಿಯಲಿಲ್ಲ, ಬಳಿದು ಮತ್ತೆ ಜಾರಿಗೇ ಹಾಕಿದಳು. ಪಕ್ಕದ ಮನೆಯಾಕೆ ಎಲೆಅಡಿಕೆ ಉಗುಳಲು ಎದ್ದು ಹೋಗಬೇಕಾಯಿತು, ಇಲ್ಲದಿದ್ದರೆ ನಕ್ಕು ನೆತ್ತಿಗೆ ಹತ್ತುತ್ತಿತ್ತು.

"ನುಣ್ಣಗೆ ಮಾಡಕ್ಕೆ ಹೋದದ್ದಕ್ಕೇ ಅಮ್ಮ," ಎಂದಳು ಮಗಳು. ಬಂದಾಗಿನಿಂದ ಅವಳು ತಾನಾಗಿ ಆಡಿದ ಮೊದಲ ಮಾತು. "ಒಂದು ಹಂತದವರೆಗೆ ಪುಡಿ. ಅದು ದಾಟಿದ್ರೆ ಪುಡಿಯ ಗುಣನೇ ಹೋಗತ್ತೆ. ನಂದೂ ಹಂಗೇ ಆಗಿದ್ದು."

ನನ್ನ ಹುನ್ನಾರ ಬೇಕಾದ ಕಡೆಗೇ ಬಂದು ನಿಂತಿತ್ತು. ನಾನು ಬಿಡಲಿಲ್ಲ. ಕಾನ್ವೆಂಟಿನ ವಾರ್ಷಿಕೋತ್ಸವದಲ್ಲಿ ವೇದಿಕೆಯ ಕುರ್ಚಿ ಜೋಡಿಸಿದ ಅನುಭವದ ಮೇಲೆ, ಪಡಸಾಲೆಯ ಕೈಕುರ್ಚಿಯನ್ನು ಎಳೆದು ತಂದು, ಇವತ್ತು ನೀವೇ ಹೊರಗಿನ ಪರೀಕ್ಷಕರು ಎಂದು ಪಕ್ಕದ ಮನೆಯಾಕೆಯನ್ನು ಅದರಲ್ಲಿ ಕೂರಿಸಿದೆ. ಅವರು ಆ ಮನೆಯಲ್ಲಿ ಎಂದೂ ಕುರ್ಚಿಯ ಮೇಲೆ ಕೂತವರಲ್ಲ. ಮೊದಲು ನಾಚಿದರು, ಆಮೇಲೆ ಕಾಲು ಮೇಲೆತ್ತಿ ಚಕ್ಕಳಮಕ್ಕಳ ಹಾಕಿ ಭದ್ರವಾಗಿ ಕೂತರು. ಮುಂದಿನ ವಾರ ಇವಳನ್ನು ದೊಡ್ಡವರು ಏನು ಕೇಳುತ್ತಾರೋ ಅದನ್ನೇ ಕೇಳಿ ಎಂದು ಕಿವಿಯಲ್ಲಿ ಹೇಳಿಕೊಟ್ಟೆ. ಹುಡುಗಿಗೆ ಉತ್ತರ ಸಿದ್ಧವಾಗಿಯೇ ಇದೆ, ಮುದ್ದೆಯನ್ನು ತೋರಿಸಿ ಗೆದ್ದುಬಿಡುತ್ತಾಳೆ ಎಂದು ನನ್ನ ಲೆಕ್ಕ.

ಅವರು ಗಂಟಲು ಸರಿ ಮಾಡಿಕೊಂಡು, "ಗುಣ ಯಾಕೆ ಇಳೀತು ತಂಗಿ?" ಎಂದರು.

ಅವಳು ಜಾರನ್ನು ತೋರಿಸಿ ಶೇಂಗಾದ ಕಥೆಯನ್ನೇ ಹೇಳಿದಳು. ಅವರು ತಲೆದೂಗಲಿಲ್ಲ.

"ಶೇಂಗಾದಾಗೆ ಎಣ್ಣೆ ಐತಿ, ಅರೆದ್ರೆ ಹೊರಗೆ ಬರ್ತದೆ, ಮುದ್ದೆ ಆಗ್ತದೆ. ನಿನ್ನ ಪುಡಿಯಾಗೆ ಎಣ್ಣೆ ಐತಾ?"

"ಇಲ್ಲ."

"ಮತ್ತೆ?"

ಕನ್ನಡಕದ ಮೇಲಿಂದ ನೋಡಿದ ಆ ಹಿರಿಯರು ಹಸು ಕಟ್ಟಿಕೊಂಡು ಸೊರಬಕ್ಕೆ ಬಂದು ಕೂತಂತಿತ್ತು. ಹಿಂದಿನ ತಿಂಗಳಿನಂತೆಯೇ ಹುಡುಗಿಯ ಬಾಯಿ ಕಟ್ಟಿತು. ನಾದಿನಿ ಕೈಯಲ್ಲಿ ಚಮಚ ಹಿಡಿದವಳು ಹಾಗೇ ನಿಂತಳು. ಮಗಳು ಬಾಯಿ ಕಟ್ಟಿ ನಿಂತದ್ದನ್ನು ಅವಳು ಕಣ್ಣಾರೆ ನೋಡಿದ್ದು ಅದೇ ಮೊದಲು. ಏನಾದರೂ ಹೇಳಿ ಆಟ ಮುಗಿಸೋಣವೆಂದು ನಾನು ಬಾಯಿ ತೆರೆದೆ. ಅಷ್ಟರಲ್ಲಿ ಹುಡುಗಿ ಪರೀಕ್ಷಕರನ್ನಲ್ಲ, ನನ್ನನ್ನು ನೋಡಿ ಕೇಳಿದಳು: "ಅತ್ತೆ, ಬಸ್ಸಲ್ಲಿ ಬಾಗಿಲ ಹತ್ರ ಇಬ್ರು ನಿಂತಿದ್ರಲ್ಲ, ಅವರು ಯಾಕೆ ವಾಲಲಿಲ್ಲ?"

"ಕಂಬಿ ಹಿಡಿದಿದ್ರು."

"ನಾವು ಯಾಕೆ ವಾಲಿದ್ವಿ?"

"ಪಕ್ಕದೋರು ವಾಲಿದ್ರು, ನಾವೂ ವಾಲಿದ್ವಿ."

ಅವಳು ನೆಲದ ಮೇಲೆ ಕೂತಳು. ಉಳಿದಿದ್ದ ಇಡೀ ಶೇಂಗಾ ಕಾಳುಗಳನ್ನು ಸುರಿದು ಸಾಲಾಗಿ ಜೋಡಿಸಿ ಒಂದು ಉದ್ದ ಬಸ್ಸು ಮಾಡಿದಳು. ತನ್ನ ಪುಡಿಯ ಒಂದು ಕಣವೆಂದರೆ ಹೀಗೆ, ಒಳಗೆ ಲೆಕ್ಕವಿಲ್ಲದಷ್ಟು ಗೂಡು ಎಂದಳು. ಗೂಡಿಗೊಂದು ಟೈಟಾನಿಯಂ ಪರಮಾಣು ಕೂತಿರುತ್ತದೆ, ಆದರೆ ನಟ್ಟನಡುವೆ ಕೂರುವುದಿಲ್ಲ, ಚೂರು ಒಂದು ಪಕ್ಕಕ್ಕೆ ವಾಲಿರುತ್ತದೆ. ಪಕ್ಕದ ಗೂಡಿನದು ವಾಲಿದ್ದಕ್ಕೆ ಇದೂ ವಾಲುತ್ತದೆ. ಹೀಗೆ ಎಲ್ಲವೂ ಒಟ್ಟಿಗೆ ವಾಲುವುದರಿಂದಲೇ ಕರೆಂಟು ಹಿಡಿದಿಡುವ ಶಕ್ತಿ. ಅಂಚಿನ ಗೂಡುಗಳು ಮಾತ್ರ ಬಾಗಿಲ ಬಳಿಯವರ ಹಾಗೆ. ಅವಕ್ಕೆ ಒಂದು ಕಡೆ ಒತ್ತುವವರೇ ಇಲ್ಲ, ಅವು ಸರಿಯಾಗಿ ವಾಲುವುದಿಲ್ಲ.

"ದೊಡ್ಡ ಬಸ್ಸಲ್ಲಿ ಅಂಚಿನೋರು ಕಮ್ಮಿ, ನಡುವಿನೋರು ಜಾಸ್ತಿ. ಇಡೀ ಬಸ್ಸೇ ವಾಲತ್ತೆ. ಬಸ್ಸನ್ನ ಸಣ್ಣದು ಮಾಡಿ," ಎಂದು ಕಾಳುಗಳನ್ನು ಸರಿಸುತ್ತಾ ಹೋದಳು. "ಟೆಂಪೊ. ಆಮೇಲೆ ಆಟೋ. ಆಟೋದಲ್ಲಿ ಯಾರನ್ನ ನೋಡಿದ್ರೂ ಅಂಚಿನೋರೇ. ಎಲ್ಲರೂ ಕಂಬಿ ಹಿಡ್ದೋರೇ. ಒಟ್ಟಿಗೆ ವಾಲೋರು ಯಾರು?"

"ನಡುವೆ ಒಬ್ಬಳು ಕೂತಿರ್ತಾಳಲ್ಲ," ಎಂದರು ಪರೀಕ್ಷಕರು, ಬಿಡದೆ.

"ಅವಳೊಬ್ಬಳೇ ವಾಲಿ ಎಂತ ಮಾಡ್ತಾಳೆ ಅಜ್ಜಿ? ಅವಳೂ ನೆಟ್ಟಗೆ ಕೂತುಬಿಡ್ತಾಳೆ."

ಅವಳ ಹೆಬ್ಬೆರಳು ಹೊರಗಿತ್ತು. ಅದರಿಂದಲೇ ಅವಳು ಶೇಂಗಾ ಸರಿಸುತ್ತಿದ್ದಳು.

ಪರೀಕ್ಷಕರು ಈಗ ಹುರುಪಿಗೆ ಬಂದಿದ್ದರು. ಹಾಗಾದರೆ ಮೊದಲು ಗುಣ ಏರಿದ್ದೇಕೆ, ಅದನ್ನೂ ಹೇಳು ಎಂದರು. ದೊಡ್ಡ ಕಣದಲ್ಲಿ ಎಲ್ಲ ಒಂದೇ ಕಡೆ ಅಲ್ಲ, ಗುಂಪು ಗುಂಪಾಗಿ ವಾಲಿರುತ್ತವೆ, ಒಂದು ಗುಂಪು ಹೀಗೆ, ಇನ್ನೊಂದು ಹಾಗೆ. ಕಣ ಸಣ್ಣದಾದಂತೆ ಗುಂಪುಗಳೂ ಸಣ್ಣವಾಗಿ, ಅವುಗಳ ನಡುವಿನ ಗಡಿ ಹೆಚ್ಚುತ್ತದೆ. ಆ ಗಡಿ ಅಲುಗಾಡುವಷ್ಟು ಹೊತ್ತೂ ಗುಣ ಏರುತ್ತದೆ ಎಂದು ಅವಳು ವಿವರಿಸಿದಳು. ಇದು ನನಗೆ ಅರ್ಧ ತಿಳಿಯಿತು. ಹೊಲದ ಬದುಗಳ ವಿಚಾರವೆಂದುಕೊಂಡ ಪಕ್ಕದ ಮನೆಯಾಕೆಗೆ ಪೂರ್ತಿ ತಿಳಿಯಿತು. ಗಡಿ ಜಾಸ್ತಿಯಾದಷ್ಟೂ ಗಲಾಟೆ ಜಾಸ್ತಿ ಎಂದು ತಾವೇ ಮುಗಿಸಿದರು.

"ಹಂಗಾರೆ ಎಲ್ಲಿಗೆ ನಿಲ್ಸಬೇಕು ಅಂತ ಹೆಂಗೆ ಗೊತ್ತಾಗ್ತದೆ?"

"ಅದೇ ಅಜ್ಜಿ ನನ್ನ ಥೀಸಿಸ್ಸು," ಎಂದು ಹುಡುಗಿ ನಕ್ಕಳು. "ಅದನ್ನ ಕಂಡುಹಿಡಿಯಕ್ಕೇ ಇಷ್ಟು ವರ್ಷ ಹೋಯ್ತು."

ಇಷ್ಟು ಹೊತ್ತೂ ನಾದಿನಿ ಜಾರಿನ ಅಂಚನ್ನು ಬೆರಳಿನಿಂದ ಒರೆಸುತ್ತಾ ನಿಂತಿದ್ದಳು, ಒರೆಸಿದ್ದನ್ನೇ ಒರೆಸುತ್ತಾ. ಕೊನೆಗೆ ಮಗಳ ಕಡೆ ನೋಡದೆ ಕೇಳಿದಳು: "ಅಂದ್ರೆ ನೀನು ಸರಿಯಾಗೇ ಅರೆದಿದ್ದೆ?"

"ಸರಿಯಾಗೇ ಅರೆದಿದ್ದೆ ಅಮ್ಮ. ಬೇಕಂತಲೇ ಆ ಹಂತ ದಾಟಿ ಅರೆದಿದ್ದೆ, ಏನಾಗತ್ತೆ ಅಂತ ನೋಡಕ್ಕೆ."

ನಾದಿನಿ ಒಳಗೆ ಹೋದಳು. ಪಾತ್ರೆಗಳ ಸದ್ದು ಬೇಕಿದ್ದಕ್ಕಿಂತ ಜೋರಾಗಿಯೇ ಕೇಳಿತು. ಹೊರಗೆ ಬಂದಾಗ ತಟ್ಟೆಯಲ್ಲಿ ಬಿಸಿ ಅಕ್ಕಿರೊಟ್ಟಿ, ಅದರ ಮೇಲೆ ಬೆಣ್ಣೆ. ಮಗಳ ರೊಟ್ಟಿಗೆ ನಮ್ಮೆಲ್ಲರದಕ್ಕಿಂತ ದೊಡ್ಡ ಉಂಡೆ. ಕ್ಷಮೆ ಕೇಳುವುದು ನಮ್ಮವರ ಮನೆತನದಲ್ಲಿ ಯಾರಿಗೂ ಬರುವುದಿಲ್ಲ, ಬೆಣ್ಣೆ ಹಾಕಲು ಎಲ್ಲರಿಗೂ ಬರುತ್ತದೆ.

ಊಟವಾದ ಮೇಲೆ ಅವಳನ್ನು ಮತ್ತೆ ಮತ್ತೆ ಹೇಳಿಸಿದೆವು. ಒಮ್ಮೆ ಕನ್ನಡದಲ್ಲಿ, ಒಮ್ಮೆ ಇಂಗ್ಲಿಷಿನಲ್ಲಿ. ಇಂಗ್ಲಿಷಿನದ್ದಕ್ಕೆ ನಾನೇ ಪರೀಕ್ಷಕಳು. ಗದ್ದ ಮೇಲೆತ್ತು, ವಾಕ್ಯದ ಕೊನೆಯನ್ನು ನುಂಗಬೇಡ ಎಂದು ಸಿಸ್ಟರುಗಳಿಂದ ಕಲಿತದ್ದನ್ನೆಲ್ಲ ಅವಳ ಮೇಲೆ ಪ್ರಯೋಗಿಸಿದೆ. ಪಕ್ಕದ ಮನೆಯಾಕೆ ಇಂಗ್ಲಿಷಿನ ಸರದಿಯಲ್ಲೂ ಕುರ್ಚಿ ಬಿಡಲಿಲ್ಲ. ಬಸ್ಸು, ಟೆಂಪೊ, ಆಟೋ ಎಂಬ ಮೂರು ಮಾತು ಬಂದಾಗ ತಲೆದೂಗುತ್ತಿದ್ದರು, ಉಳಿದ ಹೊತ್ತು ನಿದ್ದೆ. ಪ್ರೊಫೆಸರುಗಳೂ ಹೀಗೇ ಇರುತ್ತಾರೆ ಎಂದು ಹುಡುಗಿ ಪಿಸುಗುಟ್ಟಿದಳು.

ನಾದಿನಿ ಮಾತ್ರ ಆಗಲೇ ಹೊಸ ಸುದ್ದಿಯನ್ನು ಹದ ಮಾಡುತ್ತಿದ್ದಳು. ಹಾಲು ಹಾಕಲು ಡೈರಿಗೆ ಹೊರಟ ಎದುರುಮನೆಯವಳನ್ನು ಗೇಟಿನಲ್ಲಿ ತಡೆದು ನಿಲ್ಲಿಸಿದ್ದು ನನಗೆ ಕಿಟಕಿಯಿಂದ ಕಂಡಿತು. ಅಲ್ಲಿ ಅವಳು ಹೇಳಿದ್ದಿಷ್ಟು: ನಮ್ಮ ಹುಡುಗಿ ಎಷ್ಟು ನುಣ್ಣಗೆ ಅರೆದಿದ್ದಾಳೆಂದರೆ ಪುಡಿಗೇ ತಡೆದುಕೊಳ್ಳಲು ಆಗಲಿಲ್ಲವಂತೆ. ಅರೆಯುವುದರಲ್ಲಿ ಅವಳಿಗೆ ನನ್ನದೇ ಕೈ ಬಂದಿದೆಯಂತೆ. ನಾನು ಕಿಟಕಿಯ ಪರದೆ ಎಳೆದು ಸರಿಪಡಿಸಿದೆ. ಅಷ್ಟು ಅವಳಿಗೆ ಸಲ್ಲಲಿ.

ಬಿಸಿಲು ಇಳಿದ ಮೇಲೆ ಹುಡುಗಿ ಮೊಬೈಲು ಹಿಡಿದು ಜಗಲಿಗೆ ಹೋದಳು. ಬೆಳಿಗ್ಗೆ ನನಗೆ ತೋರಿಸಿದ್ದ ಆ ವಿನಯದ ಮೆಸೇಜನ್ನು ಅಕ್ಷರ ಅಕ್ಷರವಾಗಿ ಅಳಿಸುವುದನ್ನು ನಾನು ಬಾಗಿಲ ಸಂದಿಯಿಂದ ನೋಡಿದೆ. ಒಮ್ಮೆಗೇ ಅಳಿಸಬಹುದಿತ್ತು, ಅವಳು ಹಾಗೆ ಮಾಡಲಿಲ್ಲ, ಮಾವಿನಹಣ್ಣಿನ ಓಟೆ ಚೀಪುವಂತೆ ಸಾವಕಾಶ ಮಾಡಿದಳು. ಆಮೇಲೆ ಗೈಡಿಗೆ ಫೋನೇ ಮಾಡಿದಳು. ನಮಗೆ ಈ ಕಡೆಯ ಮಾತು ಮಾತ್ರ ಕೇಳುತ್ತಿತ್ತು. ಬರ್ತೀನಿ ಸರ್ ಎಂದಳು. ಹೌದು ಸರ್, ಮುಂದಿನ ವಾರವೇ ಎಂದಳು. ಸ್ವಲ್ಪ ಹೊತ್ತು ಬಿಟ್ಟು, ಇಲ್ಲ ಸರ್, ಸಮೀಕರಣ ಬೇಡ ಅಂದ್ರೂ ಪರವಾಗಿಲ್ಲ ಎಂದಳು.

ಫೋನು ಇಟ್ಟು ಬಂದವಳ ತಲೆಯನ್ನು ನಾದಿನಿ ಒಮ್ಮೆ ಗಟ್ಟಿಯಾಗಿ ನೇವರಿಸಿ, ಕೂದಲಿಗೆ ಎಣ್ಣೆಯೇ ಹಾಕುವುದಿಲ್ಲ ನೀನು ಎಂದು ಬೈದಳು. ಕಣ್ಣು ಒರೆಸಿಕೊಳ್ಳಲು ಅವಳಿಗೆ ಅದು ನೆಪ. ಆಮೇಲೆ ಯಾರ ಕಣ್ಣಿಗೂ ಬೀಳದಂತೆ ಶೇಂಗಾ ಮುದ್ದೆಯ ಜಾರನ್ನು ಎತ್ತಿಕೊಂಡು ಹಿತ್ತಲ ಕಡೆ ನಡೆದಳು. ಬಚ್ಚಲ ಕಲ್ಲಿನ ಮೇಲೆ ಅದನ್ನು ಬೋರಲು ಹಾಕುವವಳಿದ್ದಳು.

ಹಸುವಿನ ಹಾಲು ಕರೆಯಲು ಎದ್ದ ಪಕ್ಕದ ಮನೆಯಾಕೆ, ಬೇಲಿಯ ಆ ಕಡೆಯಿಂದಲೇ, ತಿರುಗಿಯೂ ನೋಡದೆ, "ಅದನ್ನ ಚೆಲ್ಲಬ್ಯಾಡ ಮಾರಾಯ್ತಿ, ಆನವಟ್ಟಿ ಸಂತೆಯಿಂದ ಎಳೇ ಬದ್ನೆಕಾಯಿ ತಂದಿದೀನಿ, ಎಣ್ಗಾಯಿ ಮಸಾಲೆಗೆ ಅಷ್ಟು ನುಣ್ಣಗೇ ಬೇಕು," ಎಂದರು.